ಇಳಿಜಾರಿನ ಸೊಪ್ಪು

"ರಬ್ಬಿ, ನಾನು ಓದುತ್ತಿರುವುದು ಓದು ಎನಿಸಿಕೊಳ್ಳುತ್ತದೆಯೇ?" ಎಂದು ಶಿಷ್ಯ ಮೆನಾಶೆ ತನ್ನ ಗುರುವನ್ನು ಕೇಳಿದ.

ಮೂರು ವರ್ಷದಿಂದ ಅವನು ಯೆಹೂದಿ ಧರ್ಮಶಾಸ್ತ್ರವನ್ನು ಇಂಗ್ಲಿಷ್ ಅನುವಾದದಲ್ಲಿ ಓದುತ್ತಿದ್ದ. ಹೀಬ್ರೂ ಅವನಿಗೆ ಪ್ರಾರ್ಥನೆಯ ಮಟ್ಟಿಗೆ ಮಾತ್ರ ಗೊತ್ತಿತ್ತು. ಆ ಸಂಕೋಚಕ್ಕೆ ತಾನು ಓದುವ ಸಂಗತಿಯನ್ನೇ ಯಾರಿಗೂ ಹೇಳಿರಲಿಲ್ಲ. ಇಷ್ಟು ದಿನ ಓದಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು ಎಂದು ಗುರು ಹೇಳಿಬಿಟ್ಟರೆ ಏನು ಗತಿ ಎಂಬ ಹೆದರಿಕೆ ಬೇರೆ.

ಗುರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕತೆ ಹೇಳತೊಡಗಿದರು.

ಕಡಲ ದಂಡೆಯ ಒಂದು ಊರಿನಲ್ಲಿ ನಮ್ಮವರ ಮೂವತ್ತು ಮನೆಗಳಿದ್ದವು. ಅಲ್ಲಿ ಒಬ್ಬ ಗಾಣಿಗನಿದ್ದ. ಹರೆಯದಲ್ಲಿ ಪಲ್ಟನ್ನಿನ ಆಸ್ಪತ್ರೆಯಲ್ಲಿ ಚಾಕರಿ ಮಾಡುತ್ತ ಇಂಗ್ಲಿಷ್ ಕಲಿತಿದ್ದ. ಎತ್ತು ಗಾಣ ಸುತ್ತುವಷ್ಟು ಹೊತ್ತು ಅವನು ಶಾಸ್ತ್ರದ ಒಂದು ಸಂಪುಟವನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದ. ಹೀಗೆ ಏಳು ವರ್ಷ ಓದಿದ. ಪುಟಗಳಿಗೆಲ್ಲ ಎಣ್ಣೆ ಹಿಡಿಯಿತು. ಕೊನೆಯ ಅರ್ಧ ಪುಟಕ್ಕೆ ಬಂದು ನಿಲ್ಲಿಸಿಬಿಟ್ಟ. ಸಂಪುಟ ಮುಗಿಸುವವನು ಹತ್ತು ಜನರ ಎದುರು ಮುಗಿಸಬೇಕೆಂಬುದು ಪದ್ಧತಿ. ಹತ್ತು ಜನರ ಎದುರು ಇಂಗ್ಲಿಷ್ ಪುಸ್ತಕ ಬಿಡಿಸಲು ಅವನಿಗೆ ನಾಚಿಕೆ.

ಪಸ್ಕ ಹಬ್ಬದ ಮುನ್ನಾದಿನ ಚೊಚ್ಚಲು ಗಂಡುಮಕ್ಕಳು ಉಪವಾಸವಿರಬೇಕು. ಆದರೆ ನಮ್ಮ ಶಾಸ್ತ್ರಕ್ಕೆ ಹೊಟ್ಟೆಯ ಮೇಲೆ ಕರುಣೆ ಇದೆ. ಅಂದು ಬೆಳಿಗ್ಗೆ ಯಾರಾದರೂ ಒಂದು ಸಂಪುಟ ಓದಿ ಮುಗಿಸಿದರೆ ಅದೇ ಒಂದು ಹಬ್ಬ. ಕೂತು ಕೇಳಿದವರಿಗೂ ಹಬ್ಬ. ಹಬ್ಬವೆಂದ ಮೇಲೆ ಉಪವಾಸವಿಲ್ಲ. ಆ ಊರಿನ ಪಂಡಿತರು ಪ್ರತಿವರ್ಷ ಒಂದು ಸಂಪುಟವನ್ನು ಆ ದಿನಕ್ಕೆ ಸರಿಯಾಗಿ ಮುಗಿಸುತ್ತಿದ್ದರು. ಅವರು ಮೂಲದಲ್ಲಿ ಓದುತ್ತಿದ್ದರೆ, ಒಂದಕ್ಷರ ತಿಳಿಯದ ಚೊಚ್ಚಲು ಮಕ್ಕಳೆಲ್ಲ ಖರ್ಜೂರದ ತಟ್ಟೆಯನ್ನೇ ನೋಡುತ್ತ ಕೂತಿರುತ್ತಿದ್ದರು. ಸುಳ್ಳೇಕೆ ಹೇಳಲಿ, ನಾನೂ ಚೊಚ್ಚಲು ಮಗನೇ, ನಾನೂ ಆ ತಟ್ಟೆಯನ್ನು ನೋಡಿದವನೇ.

ಒಂದು ವರ್ಷ ಪಂಡಿತರಿಗೆ ಕಣ್ಣುಬೇನೆ ಬಂತು. ಸಂಪುಟ ಅರ್ಧಕ್ಕೇ ನಿಂತಿತು. ಊರಿನಲ್ಲಿ ಮುಗಿಸುವವರು ಬೇರೆ ಯಾರೂ ಇರಲಿಲ್ಲ. ಗಾಣಿಗನ ಅಣ್ಣ ಚೊಚ್ಚಲು ಮಗ, ವಯಸ್ಸಾದವನು, ಹಸಿದರೆ ತಲೆ ಸುತ್ತಿ ಬೀಳುವವನು. ಆದರೆ ಮಹಾ ಹಟಮಾರಿ. "ಉಪವಾಸ ಅಂದ್ರೆ ಉಪವಾಸ" ಎಂದು ಸಭಾಮಂದಿರದ ಗೋಡೆಗೆ ಒರಗಿ ಕೂತುಬಿಟ್ಟ. ಅವನ ತುಟಿ ಒಣಗುತ್ತಿರುವುದನ್ನು ಗಾಣಿಗ ನೋಡಿದ. ನೋಡುತ್ತ ಕೂರಲಾರದೆ ಮನೆಗೆ ಓಡಿಹೋಗಿ ಪುಸ್ತಕ ತಂದ.

"ಪಂಡಿತರೇ, ನನ್ನದೊಂದು ಅರ್ಧ ಪುಟ ಉಳಿದಿದೆ. ಇಂಗ್ಲಿಷಿನದು" ಎಂದ. ಕಿವಿಯ ತುದಿಯವರೆಗೂ ಕೆಂಪಾಗಿದ್ದ.

ಒಬ್ಬ ವರ್ತಕ ಎದ್ದು ನಿಂತ. ಅವನೂ ಚೊಚ್ಚಲು ಮಗ, ಎಲ್ಲರಿಗಿಂತ ಹೆಚ್ಚು ಹಸಿದವನು. ಆದರೂ, "ಇಂಗ್ಲಿಷಿನದು ಹ್ಯಾಗೆ ನಡೀತದೆ?" ಎಂದು ಅಡ್ಡ ಬಂದ.

ಪಂಡಿತರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದರು. "ಮೊದಲು ಓದಲಿ, ಕೇಳೋಣ" ಎಂದರು.

ಗಾಣಿಗ ಒಂದೊಂದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಓದಿ ಮನೆಮಾತಿನಲ್ಲಿ ಬಿಡಿಸಿ ಹೇಳಿದ. ಗುಡ್ಡದ ಮೇಲೊಂದು ತೋಟ, ಕೆಳಗೊಂದು ತೋಟ. ನಡುವಿನ ಇಳಿಜಾರಿನಲ್ಲಿ ಸೊಪ್ಪು ತಾನಾಗಿ ಬೆಳೆದಿದೆ. ಅದು ಯಾರದು? ಬೇರು ಮೇಲಿನವನ ಮಣ್ಣಿನಲ್ಲಿದೆ, ಆದ್ದರಿಂದ ಅವನದು ಎಂದರು ಒಬ್ಬ ಹಿರಿಯರು. ಎಲೆ ಕೆಳಗಿನವನ ಕಡೆಗೆ ಚಾಚಿದೆ, ಆದ್ದರಿಂದ ಇವನದು ಎಂದರು ಇನ್ನೊಬ್ಬರು. ಮೇಲಿನವನು ಕೈ ಚಾಚಿದರೆ ಎಟುಕುವಷ್ಟು ಅವನದು, ಉಳಿದದ್ದು ಕೆಳಗಿನವನದು ಎಂದರು ಮೂರನೆಯವರು. ಅಲ್ಲಿಗೆ ಸಂಪುಟ ಮುಗಿಯಿತು.

"ಮುಗಿಯಿತು. ತಟ್ಟೆ ತನ್ನಿ" ಎಂದರು ಪಂಡಿತರು. ಗಾಣಿಗನ ಅಣ್ಣ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡ. ಗಾಣಿಗನ ಕಣ್ಣು ತುಂಬಿ ಬಂತು.

ವರ್ತಕನೂ ಕೈ ಚಾಚಿದ. ಚಾಚಿದ ಕೈ ಹಾಗೇ ನಿಂತಿತು. ಅವನ ತೋಟ ಗುಡ್ಡದ ಮೇಲಿತ್ತು, ಅವನ ಕೈ ಗಿಡ್ಡ.

"ಎಟುಕುವಷ್ಟು ಅಂದ್ಯಲ್ಲ, ಯಾರ ಕೈಗೆ?" ಎಂದ. "ನನ್ನ ಕೈ ಗಿಡ್ಡ ಅಂತ ನನ್ನ ಸೊಪ್ಪು ಹೋಗಬೇಕಾ?"

ಅವನ ಕೆಳಗಿನ ತೋಟದವನು ಪಕ್ಕದಲ್ಲೇ ಕೂತಿದ್ದ. ಹತ್ತು ವರ್ಷದಿಂದ ಆ ಸೊಪ್ಪಿನ ಸಾರು ಉಂಡವನು. "ಶಾಸ್ತ್ರ ಕೈ ಅಂದಿದೆ, ದೋಟಿ ಕೋಲು ಅಂದಿಲ್ಲ" ಎಂದ.

ಸಭೆ ಎರಡಾಯಿತು, ಆಮೇಲೆ ನಾಲ್ಕಾಯಿತು. ಮಳೆಗೆ ಮಣ್ಣು ಜರಿದರೆ ಏನು ಗತಿ? ಮೇಲಿನವನು ಸೊಂಟ ಬಗ್ಗಿಸಿ, ಹಲ್ಲು ಕಚ್ಚಿ ಕೈ ಚಾಚಿದರೆ ಒಪ್ಪಬೇಕೇ? ಗಾಣಿಗ ಪುಟ ಹಿಂದಕ್ಕೆ ತಿರುವಿ ಉತ್ತರ ಹುಡುಕುತ್ತಿದ್ದ. ಹತ್ತು ಜನ ಅವನ ಹೆಗಲ ಮೇಲೆ ಬಾಗಿದ್ದರು. ಇಂಗ್ಲಿಷ್ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಪಂಡಿತರಂತೂ ಒಮ್ಮೆ ಮೇಲಿನವನ ಪರ, ಒಮ್ಮೆ ಕೆಳಗಿನವನ ಪರ ವಾದಿಸಿ, ಇಬ್ಬರನ್ನೂ ರೇಗಿಸಿ, ತೊಡೆ ತಟ್ಟಿ ನಗುತ್ತಿದ್ದರು. ಅಂಥ ಸಂತೋಷವನ್ನು ಆ ಸಭಾಮಂದಿರ ಕಂಡಿರಲಿಲ್ಲ. ಹೊತ್ತು ನೆತ್ತಿಗೆ ಬಂತು. ಹೆಂಡತಿಯರು ಬಾಗಿಲಿಗೆ ಬಂದು ಊಟಕ್ಕೆ ಕರೆದು, ಬೈದು, ಕೊನೆಗೆ ತಾವೂ ಒಂದೊಂದು ಪಕ್ಷ ಹಿಡಿದು ನಿಂತರು. ತಿಂದವನು ಅಣ್ಣ ಒಬ್ಬನೇ. ಅವನೂ ಬಾಯಲ್ಲಿ ಖರ್ಜೂರ ಇಟ್ಟುಕೊಂಡೇ ವಾದ ಮಾಡುತ್ತಿದ್ದ. ಉಪವಾಸ ಬಿಡಲು ಸೇರಿದ ಚೊಚ್ಚಲು ಮಕ್ಕಳು ಇಳಿಹೊತ್ತಿನವರೆಗೆ ಹನಿ ನೀರು ಮುಟ್ಟದೆ ಕೂತರು. ಅದು ಅವರಿಗೆ ಗೊತ್ತೇ ಆಗಲಿಲ್ಲ.

ಕತೆ ಕೇಳಿ ಮೆನಾಶೆಗೆ ನಗು ತಡೆಯಲಾಗಲಿಲ್ಲ. ಮನಸ್ಸು ಹಗುರಾಯಿತು. "ಹಾಗಾದರೆ ನನ್ನದೂ ಓದೇ ಆಯಿತಲ್ಲ, ರಬ್ಬಿ? ನಾನೂ ಆ ಗಾಣಿಗನ ಹಾಗೆ ಇಂಗ್ಲಿಷಿನಲ್ಲೇ ಓದುವವನು" ಎಂದ.

ಗುರು ಕೇಳಿದರು: "ಮೂರು ವರ್ಷ ಓದಿದ್ದೀಯಲ್ಲ, ಇವತ್ತಿನವರೆಗೆ ನಿನ್ನಿಂದ ಯಾರ ಊಟ ತಡವಾಗಿದೆ?"

ಆ ಸಂಜೆ ಮೆನಾಶೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಊಟದ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಬಾಗಿಲು ತಟ್ಟಿದ.