ಉಳಿದ ಮೀಸೆ ನಾಳೆ

ಗಂಡುಗುಡ್ಡದ ಪಾಳೇಗಾರ ಬೊಮ್ಮನಾಯಕನ ಮೀಸೆ ಅವತ್ತು ಎಡಗಡೆ ಕತ್ತಿ ಥರ ಇತ್ತು, ಬಲಗಡೆ ಪೊರಕೆ ಥರ ಇತ್ತು. ಆಸ್ಥಾನದಲ್ಲಿ ಯಾರೂ ನಗಲಿಲ್ಲ. ನಗು ತಡ್ಕೊಂಡು ತಡ್ಕೊಂಡು ಸೇನಾಪತಿಗೆ ಬಿಕ್ಕಳಿಕೆ ಬಂತು, ಅಷ್ಟೇ.

"ಇದೇನು ಅಂತ ಇವನನ್ನ ಕೇಳಿ," ನಾಯಕ ಕ್ಷೌರದ ಚಲುವಯ್ಯನ ಕಡೆ ಬೆರಳು ತೋರಿಸಿದ. "ನಿನ್ನೆ ಸಂಜೆ ಅರ್ಧ ಮೀಸೆ ಕತ್ತರಿಸಿ, ಕ್ಷೌರದ ಸಾಮಾನಿನ ಹಡಪ ಕಂಕುಳಿಗೆ ಸಿಕ್ಕಿಸ್ಕೊಂಡು ಹೊರಟೇಬಿಟ್ಟ. ಎಲ್ಲಿಗೋ ಅಂದ್ರೆ, ಕರಡಿ ಬರೋ ಹೊತ್ತಾಯ್ತು, ಉಳಿದ ಮೀಸೆ ನಾಳೆ ಅಂತಾನೆ."

ಚಲುವಯ್ಯ ಕೈ ಮುಗಿದ. "ಮನೆ ಗುಡ್ಡದಾಚೆ ಐತೆ ಬುದ್ಧಿ. ಕೋಳಿ ಕೂಗಿದಾಗ ಹೊರಟ್ರೂ ಇಲ್ಲಿಗೆ ಬರೋದು ಮಧ್ಯಾಹ್ನ. ಅಗಸರು, ಅಡುಗೆಯೋರು, ಸೂಲಗಿತ್ತಿ ಎಲ್ಲಾ ಅಲ್ಲೇ ಇರೋದು. ಊರೊಳಗೆ ಬಾಡಿಗೆ ಕೇಳಿದ್ರೆ, ಕತ್ತಿ, ಕತ್ತರಿ, ಹೆಂಡ್ತಿ ಮೂಗುಬೊಟ್ಟು ಮಾರಿದ್ರೂ ಬರೀ ಹೊಸ್ತಿಲು ಸಿಗುತ್ತೆ."

ಊರಲ್ಲಿ ಮೂರು ಪೇಟೆ. ಮೂರಕ್ಕೂ ಬೇರೆ ಬೇರೆ ಯಜಮಾನರು. ಒಬ್ಬರ ಮುಖ ಕಂಡ್ರೆ ಒಬ್ಬರಿಗಾಗಲ್ಲ. ನಾಯಕ ಮೂವರನ್ನೂ ಕರೆಸಿ, ಕೆಲಸದವರಿಗೆ ಮನೆ ಕಟ್ಟಿಕೊಡ್ರಪ್ಪ ಅಂದ.

"ಬಹಳ ಒಳ್ಳೇ ಕೆಲಸ," ಅಂದ ಮೇಗಲಪೇಟೆ ವೀರಭದ್ರಶೆಟ್ಟಿ. "ಕೆಳಗಲಪೇಟೇಲಿ ಆಗ್ಲಿ. ನಮ್ಮಲ್ಲಿ ಜಾಗ ಇದೆ, ನೀರಿಲ್ಲ."

"ಪುಣ್ಯದ ಕೆಲಸ," ಅಂದ ಕೆಳಗಲಪೇಟೆ ಚಿಕ್ಕೀರೇಗೌಡ. "ನಡುಪೇಟೇಲಿ ಆಗ್ಲಿ. ನಮ್ಮಲ್ಲಿ ನೀರೈತೆ, ಕಲ್ಲಿಲ್ಲ."

ನಡುಪೇಟೆ ಸಂಜೀವಯ್ಯ ಕಣ್ಣೊರೆಸಿಕೊಂಡ. "ಕೇಳಿದ್ರೇನೇ ಕರುಳು ಚುರ್ ಅನ್ನುತ್ತೆ. ಮೇಗಲಪೇಟೇಲಿ ಆಗ್ಲಿ. ನಮ್ಮಲ್ಲಿ ಕಲ್ಲಿದೆ, ಜಾಗ ಇಲ್ಲ."

ಮೂಲೇಲಿ ಕೂತಿದ್ದ ವಿದೂಷಕ ಚಿನಕುರಳಿ ನಿಂಗಪ್ಪನ ಬಾಯಿ ಸುಮ್ಮನಿರಲಿಲ್ಲ. "ಇಷ್ಟಕ್ಕೆ ಆಸ್ಥಾನ ಬೇರೆ ಸೇರಬೇಕಾ? ನಮ್ಮನೆ ಬೆಕ್ಕು ಮಾಡುತ್ತೆ ಇದನ್ನ."

ನಾಯಕ ತಿರುಗಿದ. "ಹೌದಾ? ಹಾಗಾದ್ರೆ ಯುಗಾದಿಯೊಳಗೆ ಮನೆ ಏಳಿಸು. ನಾನು ಬಿಡಿಗಾಸು ಕೊಡಲ್ಲ, ಆಳು ಕೊಡಲ್ಲ, ಒಂದು ಅಪ್ಪಣೆ ಕೂಡ ಕೊಡಲ್ಲ. ಆಗಲಿಲ್ವೋ, ನಿನ್ನ ಮನೆ ಚಲುವಯ್ಯನಿಗೆ, ನೀನು ಗುಡ್ಡದಾಚೆ."

ನಿಂಗಪ್ಪ ನಡುಪೇಟೆಯ ತನ್ನ ಮನೆಗೆ ಬಂದು ಹೆಂಡ್ತಿ ಗಿರಿಜವ್ವನಿಗೆ ವಿಷಯ ಹೇಳಿದ.

"ನಾನೀಗ ಕರಡಿಗೆ ಮುದ್ದೆ ತಿರುವಿ ಹಾಕಲಾ?" ಅಂದಳು ಅವಳು.

"ಅದೆಲ್ಲ ಬೇಡ ಕಣೇ. ಸ್ವಲ್ಪ ದಿನ ಜಗಲಿ, ಹಿತ್ತಿಲು ಬಿಟ್ಕೊಡು, ಸಾಕು."

ಮಾರನೇ ದಿನ ಜಗಲಿ ಮೇಲೆ ಚಲುವಯ್ಯ, ಹಿತ್ತಿಲಲ್ಲಿ ಅಗಸರು, ಕೊಟ್ಟಿಗೇಲಿ ಅಡುಗೆಯೋರು, ಸೂಲಗಿತ್ತಿ, ಅವರವರ ಅತ್ತೆ, ಮಕ್ಕಳು, ಕೋಳಿ. ಹತ್ತಿರದ ಮನೆ ಕೆಲಸ ಮೊದಲು, ದೂರದ ಮನೆ ಕೆಲಸ ಆಮೇಲೆ, ಇಷ್ಟೇ ನಿಂಗಪ್ಪ ಅವರಿಗೆ ಹೇಳಿದ್ದು.

ಸೂರ್ಯ ಹುಟ್ಟೋದ್ರೊಳಗೆ ಸಂಜೀವಯ್ಯನ ಗಲ್ಲ ಹಿತ್ತಾಳೆ ಚೊಂಬಿನ ಥರ ಹೊಳೀತು. ಮೈಮೇಲೆ ಬಿಳೀ ಪಂಚೆ, ಕೈಯಲ್ಲಿ ಬಿಸಿ ರೊಟ್ಟಿ. ಯಾವ ಕೆಲಸ ಇಲ್ಲದಿದ್ರೂ ಅವನು ಮಿಕ್ಕೆರಡು ಪೇಟೇಲಿ ಒಂದು ಸುತ್ತು ಹಾಕಿದ.

"ಏನು ಶೆಟ್ಟರೇ, ಇನ್ನೂ ಆಗ್ಲಿಲ್ವಾ? ನಂದು ಹಲ್ಲುಜ್ಜೋಕೆ ಮುಂಚೇನೇ ಆಗೋಯ್ತು."

ವಾರ ಕಳೆದ್ರೂ ಸರದಿ ಬರದೆ ಕೆಳಗಲಪೇಟೆ ಗೌಡನ ಗಡ್ಡ ಎಷ್ಟು ಬೆಳೆದಿತ್ತಂದ್ರೆ, ಅವನದೇ ಎಮ್ಮೆ ಗುರುತು ಸಿಗದೆ ಹಾಲು ಕೊಡಲಿಲ್ಲ. ಎಮ್ಮೆಯಿಂದ ಒದೆ ತಿಂದ ಗೌಡ ಸೀದಾ ನಿಂಗಪ್ಪನ ಮನೆಗೆ ಓಡಿಬಂದ. ಶೆಟ್ಟಿ ಆಗಲೇ ಅಲ್ಲಿದ್ದ.

"ಚಲುವಯ್ಯನ್ನ ನಮ್ಮ ಪೇಟೆಗೆ ಕಳಿಸಪ್ಪ," ಅಂದ ಶೆಟ್ಟಿ. "ಜಾಗ ನಾನು ಕೊಡ್ತೀನಿ."

"ಜಾಗ ತಿಂತಾನಾ ಅವನು? ನೀರು?" ಅಂದ ಗೌಡ. "ನೀರು ನಮ್ಮದು, ನಮ್ಮಲ್ಲಿಗೆ ಬರ್ಲಿ."

ಗದ್ದಲ ಕೇಳಿ ಸಂಜೀವಯ್ಯ ಬಂದ. "ಅವರು ನಮ್ಮ ಪೇಟೆ ಜನ. ಯಾರೂ ಮುಟ್ಟಂಗಿಲ್ಲ."

"ನಿಮ್ಮ ಪೇಟೆ ಅಲ್ಲ, ನನ್ನ ಜಗಲಿ," ಅಂದಳು ಗಿರಿಜವ್ವ ಒಳಗಿಂದ. "ಸೂಲಗಿತ್ತಿಯ ಅತ್ತೆ ನನ್ನ ಸಾರಿಗೆ ಉಪ್ಪಿಲ್ಲ ಅಂತ ಬೀದೀಲಿ ಹೇಳ್ಕೊಂಡು ಬಂದಿದ್ದಾಳೆ. ನಾಳೆ ಎಲ್ಲರೂ ಖಾಲಿ ಮಾಡ್ಬೇಕು."

ಮೂವರೂ ಒಟ್ಟಿಗೆ ಗಲ್ಲ ಸವರಿಕೊಂಡ್ರು. ಚಲುವಯ್ಯ ಗುಡ್ಡದಾಚೆಗೆ ವಾಪಸ್ ಹೋದ್ರೆ ಮೂವರಿಗೂ ಗಡ್ಡ.

ನಿಂಗಪ್ಪ ಆಕಳಿಸಿದ. "ಮೂರೂ ಪೇಟೆ ಗಡಿ ಕೂಡೋದು ಶೆಟ್ಟರ ಹುಣಸೆತೋಪಿನ ಹತ್ರ ಅಲ್ವಾ? ಅಲ್ಲಿಂದ ಮೂವರಿಗೂ ಅಷ್ಟೇ ದೂರ. ಗೌಡರು ಕಾಲುವೆ ತೋಡಿಸ್ಲಿ, ಸಂಜೀವಯ್ಯನೋರು ಕಲ್ಲು ಹೊಡೆಸ್ಲಿ."

"ಬಾಗಿಲು ಯಾವ ಪೇಟೆ ಕಡೆಗೆ?" ಅಂದ ಶೆಟ್ಟಿ ಅನುಮಾನದಿಂದ.

"ಮೂರೂ ಕಡೆಗಿಡಿ."

"ಅಣ್ಣ, ಹಂಗಾದ್ರೆ ಗೋಡೇನೇ ಇರಲ್ವಲ್ಲ," ಅಂದ ಚಲುವಯ್ಯ.

"ನೀನು ಸುಮ್ನಿರು. ಆಮೇಲೆ ಬಾಡಿಗೆ. ಯಾವ ಯಜಮಾನ ಬಾಡಿಗೆ ಏರಿಸು ಅಂತಾನೋ, ಆ ಪೇಟೆಗೆ ಕ್ಷೌರ ಎಲ್ಲರಿಗಿಂತ ಕೊನೇಲಿ."

ಆಮೇಲೆ ಬಾಡಿಗೆ ವಿಷಯ ಯಾರೂ ಎತ್ತಲಿಲ್ಲ. ಜಗಳ ಆಡ್ಕೊಂಡೇ ಕಟ್ಟಿದ್ರು, ಆದ್ರೆ ಕಟ್ಟಿದ್ರು. ಒಂದೇ ಬಾವಿ, ಒಂದೇ ಅಗಸರ ಕಟ್ಟೆ, ಮಕ್ಕಳು ಅಕ್ಷರ ಕಲಿಯೋಕೊಂದು ಕೂಲಿಮಠ. ಹೆಂಚು ಮಾತ್ರ ಯಾರೂ ಕೊಡಲಿಲ್ಲ, ತೆಂಗಿನ ಗರಿ ಹೊದಿಸಿದ್ರು.

ಯುಗಾದಿ ಬೆಳಿಗ್ಗೆ ಊರಿಗೆ ಊರೇ ನುಣ್ಣಗೆ ಹೊಳೀತಿತ್ತು. ಬೊಮ್ಮನಾಯಕ ಒಬ್ಬನೇ ಕರಡಿ ಥರ ಕೂತಿದ್ದ. ಚಲುವಯ್ಯ ಬಂದಾಗ ನಾಯಕ ಬೇವುಬೆಲ್ಲ ತಿಂದು, ಊಟಾನೂ ಮುಗಿಸಿದ್ದ.

"ಈಗೇನೋ ನಿಂಗೆ ಅಡ್ಡಿ? ಕರಡೀನೂ ಇಲ್ಲ, ಗುಡ್ಡಾನೂ ಇಲ್ಲ."

"ಮೂರೂ ಪೇಟೆ ಮುಗಿಸಿ ಬರಬೇಕಲ್ಲ ಬುದ್ಧಿ. ಅರಮನೆಯೇ ಎಲ್ಲಕ್ಕಿಂತ ದೂರ."

ನಾಯಕ ನಿಂಗಪ್ಪನ ಮೇಲೆ ಹರಿಹಾಯ್ದ. "ಏನಯ್ಯಾ ಇದು? ನಾನು ದೊರೆ, ನನಗೆ ಕೊನೇಲಾ?"

"ಶೆಟ್ಟರು ಜಾಗ ಕೊಟ್ರು, ಗೌಡರು ನೀರು ಕೊಟ್ರು, ಸಂಜೀವಯ್ಯನೋರು ಕಲ್ಲು ಕೊಟ್ರು. ತಾವೇನು ಕೊಟ್ರಿ ಬುದ್ಧಿ?"

"ನಾನು ಅಪ್ಪಣೆ ಕೊಟ್ಟೆ."

"ಅದನ್ನೂ ಕೊಡಲ್ಲ ಅಂದಿದ್ರಲ್ಲ ಬುದ್ಧಿ."

ಸೇನಾಪತಿಗೆ ಮತ್ತೆ ಬಿಕ್ಕಳಿಕೆ ಶುರುವಾಯ್ತು. ನಾಯಕ ಮೊದಲು ಗುರಾಯಿಸಿದ, ಆಮೇಲೆ ತಡೀಲಾರದೆ ಹೊಟ್ಟೆ ಹಿಡ್ಕೊಂಡು ನಕ್ಕ. "ಆಯ್ತು ಕಣಯ್ಯಾ. ಅಷ್ಟೂ ಮನೆಗೂ ಹೆಂಚು ಅರಮನೇದು. ನಿನ್ನ ಮನೆ ನಿನಗೇ ಇರ್ಲಿ." ಅಂತ ಚಲುವಯ್ಯನ ಮುಂದೆ ಗದ್ದ ಎತ್ತಿ ಕೂತ. "ಈಗ ಶುರು ಮಾಡು."

ಚಲುವಯ್ಯ ಕತ್ತಿ ಮಸೀತಾ ಕೇಳಿದ, "ಹೆಂಚಿನ ಗಾಡಿ ಹೊರಟಿತಾ ಬುದ್ಧಿ?"