ಸಿಂಗಾರಮ್ಮನ ನಲವತ್ತು ಗಂಟುಗಳು

ಮಕ್ಕಳೇ, ಹೆಗ್ಗಣ ಎಂದ ಕೂಡಲೇ ಮೂಗು ಮುಚ್ಚಿಕೊಳ್ಳಬೇಡಿ. ಈ ಕತೆಯ ಹೆಗ್ಗಣದ ಮನೆಗೆ ನೀವೇನಾದರೂ ಹೋಗಿದ್ದರೆ, ನಿಮ್ಮನ್ನೇ ಬಾಗಿಲಲ್ಲಿ ನಿಲ್ಲಿಸಿ ಎರಡು ಸಲ ಕಾಲು ತೊಳೆಸುತ್ತಿದ್ದಳು.

ಅವಳ ಹೆಸರು ಸಿಂಗಾರಮ್ಮ. ನೇರಳೆಕಾಡಿನ ನಡುವೆ ಒಂದು ಕೊಳವಿತ್ತು. ಗುಡ್ಡದಿಂದ ಇಳಿದ ತೊರೆ ಒಂದು ಕಡೆ ಕೊಳಕ್ಕೆ ಸೇರುತ್ತಿತ್ತು. ಇನ್ನೊಂದು ಕಡೆ ಎರಡು ಬಂಡೆಗಳ ಸಂದಿಯಿಂದ ನೀರು ಹೊರಗೆ ಹರಿಯುತ್ತಿತ್ತು. ಬಂದಷ್ಟು ನೀರು ಹೋಗುತ್ತಿದ್ದುದರಿಂದ ಕೊಳ ಎಂದೂ ದಂಡೆ ಮೀರಿರಲಿಲ್ಲ. ಆ ದಂಡೆಯ ಮೇಲೆಯೇ ಸಿಂಗಾರಮ್ಮನ ಬಿಲ. ನಡುಮನೆ, ಅಡುಗೆಮನೆ, ಉಗ್ರಾಣ ಎಂದು ಮೂರು ಕೋಣೆ. ದಿನಕ್ಕೆ ನಾಲ್ಕು ಸಲ ಬಾಲದಲ್ಲೇ ಗುಡಿಸುತ್ತಿದ್ದಳು. ಗಂಡ ಬೋರಯ್ಯ ಹೊರಗಿನಿಂದ ಬಂದರೆ ಕಾಲು ತೊಳೆದು, ಮೀಸೆ ಕೊಡವಿ, ಮತ್ತೆ ಕಾಲು ತೊಳೆದರೆ ಮಾತ್ರ ಒಳಗೆ ಜಾಗ. ಒಮ್ಮೊಮ್ಮೆ ಪಾಪ, ಇದೆಲ್ಲ ಸಾಕಾಗಿ ಬಾಗಿಲ ಹೊರಗೇ ಊಟ ಮುಗಿಸುತ್ತಿದ್ದ.

ಅವಳು ಹೀಗಾಗಲು ಕಾರಣವಿತ್ತು. ಚಿಕ್ಕವಳಿದ್ದಾಗ ಯಾರೋ ಅವಳೆದುರೇ, "ಹೆಗ್ಗಣ ಅಂದರೆ ಕೊಳಕು" ಎಂದಿದ್ದರು. ಆ ಮಾತು ಮುಳ್ಳಿನ ಹಾಗೆ ಎದೆಯಲ್ಲಿ ಕೂತುಬಿಟ್ಟಿತ್ತು. 'ನನ್ನ ಮನೆ ನೋಡಿ ಯಾರೂ ಹಾಗೆ ಅನ್ನಬಾರದು' ಎಂಬುದೊಂದೇ ಅವಳ ಹಟ.

ಆದರೆ ಗುಡಿಸಿದ ಕಸ ಎಲ್ಲಿಗಾದರೂ ಹೋಗಬೇಕಲ್ಲ?

ಅದಕ್ಕೆ ಕೊಳದವರೆಲ್ಲ ಸೇರಿ ಒಂದು ಏರ್ಪಾಡು ಮಾಡಿಕೊಂಡಿದ್ದರು. ಹಿರಿಯನಾದ ಆಮೆ ಈರಜ್ಜ ಎಲ್ಲರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದ್ದ: "ನೋಡಿ, ತಿನ್ನುವಷ್ಟೇ ತನ್ನಿ. ಉಳಿದ ಸಿಪ್ಪೆ, ಕೊಳೆತದ್ದು ಅತ್ತಿಮರದ ಕೆಳಗಿನ ಗುಂಡಿಗೆ ಹಾಕಿ. ಎರೆಹುಳುಗಳು ಅದನ್ನು ಮಣ್ಣು ಮಾಡುತ್ತವೆ. ನಾರು, ಹೊಟ್ಟು, ಗರಿ, ಒಣಹುಲ್ಲು ಚಪ್ಪಟೆ ಬಂಡೆಯ ಮೇಲಿರಲಿ. ಬೇಕಾದವರು ತೆಗೆದುಕೊಂಡು ಹೋಗಲಿ."

ಎಲ್ಲರೂ ಒಪ್ಪಿದರು. ಸಿಂಗಾರಮ್ಮ ಮಾತ್ರ ಮೂತಿ ತಿರುಗಿಸಿದಳು.

"ಕಸದೊಳಗೆ ಕೈ ಹಾಕಿ ಇದು ಬೇರೆ, ಅದು ಬೇರೆ ಅಂತ ಆರಿಸುತ್ತಾ ಕೂರಬೇಕೇ? ಛೀ! ನನಗೆ ನೆನೆಸಿಕೊಂಡರೇ ಸ್ನಾನ ಮಾಡಬೇಕು ಅನ್ನಿಸುತ್ತದೆ."

"ಆಮೇಲೆ ಸ್ನಾನ ಮಾಡು ತಾಯಿ, ಕೊಳ ಇಲ್ಲೇ ಇದೆ" ಎಂದ ಈರಜ್ಜ.

ಅವಳು ಕೇಳಲಿಲ್ಲ. ಮನೆಯ ಕಸವನ್ನೆಲ್ಲ ಒಟ್ಟಿಗೆ ಗುಡ್ಡೆ ಮಾಡಿ, ಮುತ್ತುಗದ ಎಲೆಯಲ್ಲಿ ಸುತ್ತಿ, ಮೇಲೆ ಬಳ್ಳಿಯಿಂದ ಚೆಂದದ ಹೂಗಂಟು ಹಾಕುತ್ತಿದ್ದಳು. ಕಸವೇ ಆದರೂ ನೋಡಲು ಅಚ್ಚುಕಟ್ಟಾಗಿರಬೇಕು! ಬೆಳಿಗ್ಗೆ ಯಾರೂ ಏಳುವ ಮೊದಲು ಅದನ್ನು ನೀರಿಗೆ ಉರುಳಿಸುತ್ತಿದ್ದಳು. ಬುಳಕ್!

"ಹೋಯಿತು" ಎಂದು ಕೈ ಕೊಡವಿಕೊಳ್ಳುತ್ತಿದ್ದಳು.

ಎಲ್ಲಿಗೆ ಹೋಯಿತು? ಆ ಪ್ರಶ್ನೆಯನ್ನು ಅವಳು ಕೇಳಿಕೊಂಡಿರಲಿಲ್ಲ.

ಹೀಗಿರುವಾಗ ಗುಡ್ಡದಿಂದ ಸುದ್ದಿ ಬಂತು. ನಾದಿನಿ ಚೆನ್ನಿ ನಾಲ್ಕು ದಿನ ಇರಲು ಬರುತ್ತಾಳಂತೆ!

ಸಿಂಗಾರಮ್ಮನ ಎದೆ ಧಸಕ್ಕೆಂದಿತು. ಈ ಚೆನ್ನಿ ಹೋದ ಸಲ ಬಂದಾಗ ಬಾಗಿಲಲ್ಲಿ ನಿಂತವಳೇ ಮೂಗು ಅರಳಿಸಿ 'ಸುಂಯ್ ಸುಂಯ್' ಎಂದು ಮೂಸಿದ್ದಳು. ನಡುಮನೆಯಲ್ಲೂ ಮೂಸಿದ್ದಳು. ಉಗ್ರಾಣದಲ್ಲಂತೂ ಮೂರು ಸಲ.

"ನಮ್ಮ ಮನೆ ನಾರುತ್ತದೆ ಅಂತಲೇ ಅವಳು ಹಾಗೆ ಮಾಡಿದ್ದು" ಎಂದಳು ಸಿಂಗಾರಮ್ಮ.

"ಏನೂ ಇರಲಿಕ್ಕಿಲ್ಲ ಬಿಡೇ" ಎಂದ ಬೋರಯ್ಯ.

"ನಿಮ್ಮ ತಂಗಿ ಅಲ್ಲವೇ, ನೀವು ಹಾಗೇ ಹೇಳುತ್ತೀರಿ. ಮೊದಲು ಕಾಲು ತೊಳೆದುಕೊಂಡು ಬನ್ನಿ."

ಉಗ್ರಾಣ ತುಂಬಿ ತುಳುಕುತ್ತಿದ್ದರೆ ನಾದಿನಿ ಬಾಯಿ ಮುಚ್ಚಿಕೊಂಡಿರುತ್ತಾಳೆ ಎಂದು ಸಿಂಗಾರಮ್ಮ ಲೆಕ್ಕ ಹಾಕಿದಳು. ಸೋರೆಕಾಯಿ ತಂದಳು, ಗೆಣಸು ತಂದಳು, ನೆಲಗಡಲೆ ತಂದಳು. ಇಬ್ಬರು ಆರು ತಿಂಗಳು ತಿಂದರೂ ಮುಗಿಯದಷ್ಟು ತಂದಳು. ಸೆಕೆಗೆ ನಾಲ್ಕೇ ದಿನದಲ್ಲಿ ಅರ್ಧ ಕೊಳೆಯಿತು. ಅದನ್ನೆಲ್ಲ ತೆಗೆದು, ಹಾಸಿದ್ದ ಹಳೆಯ ನಾರು ತೆಗೆದು, ಮೂಲೆ ಮೂಲೆ ಕೆರೆದು ಗಂಟು ಕಟ್ಟಿದಳು. ಒಂದಲ್ಲ, ಎರಡಲ್ಲ, ನಲವತ್ತು ಗಂಟು! ಬುಳಕ್, ಬುಳಕ್, ಬುಳಕ್. ಆ ಬೆಳಿಗ್ಗೆ ಮೀನುಗಳು ಆಲಿಕಲ್ಲು ಬೀಳುತ್ತಿದೆ ಎಂದುಕೊಂಡವು.

ಅಂದು ಮಧ್ಯಾಹ್ನ ಗುಡ್ಡದ ಮೇಲೆ ಜೋರು ಮಳೆ ಸುರಿಯಿತು.

ಮರುದಿನ ಬೆಳಿಗ್ಗೆ ಸಿಂಗಾರಮ್ಮ ಎದ್ದಾಗ ಹೊರಗೆ ಗದ್ದಲವೋ ಗದ್ದಲ. ನೀರುಕೋಳಿ ನಿಂಗಮ್ಮ ಗಂಟಲು ಹರಿಯುವಂತೆ ಕೂಗುತ್ತಿದ್ದಳು.

"ಅಯ್ಯೋ, ನೀರು ಏರುತ್ತಿದೆ! ನನ್ನ ಮೊಟ್ಟೆ! ಇನ್ನು ಮೂರು ದಿನಕ್ಕೆ ಮರಿ ಆಗಬೇಕಾದ ಮೊಟ್ಟೆ!"

ನಿಂಗಮ್ಮನ ಗೂಡು ಇದ್ದದ್ದು ಕೊಳದ ಜೊಂಡಿನ ನಡುವೆ. ನೀರು ಗೂಡಿನ ಕೆಳಗಿನ ಕಡ್ಡಿಗಳನ್ನು ಆಗಲೇ ಮುಟ್ಟಿತ್ತು. ಈರಜ್ಜ ಈಜಿಹೋಗಿ ಗೂಡಿನ ಅಡಿಯಲ್ಲಿ ಸೇರಿಕೊಂಡು, ಬೆನ್ನಿನಿಂದ ಅದನ್ನು ಮೇಲೆತ್ತಿ ಹಿಡಿದ. ಮುದುಕನ ಕುತ್ತಿಗೆಯ ನರಗಳು ಉಬ್ಬಿದವು.

"ನಾನು ಹಿಡಿದಿರುತ್ತೇನೆ. ನೀರು ಯಾಕೆ ಹೋಗುತ್ತಿಲ್ಲ, ಯಾರಾದರೂ ನೋಡಿ!"

ಕಪ್ಪೆ ಮಾದಪ್ಪ ಬಂಡೆಗಳ ಸಂದಿಯ ಹತ್ತಿರ ಮುಳುಗಿದ. ಕಣ್ಣು ಹೊರಗೆ ಬರುವಷ್ಟು ಗಾಬರಿಯಿಂದ ಮೇಲೆದ್ದ. ಕಪ್ಪೆಯ ಕಣ್ಣು ಮೊದಲೇ ಹೊರಗಿರುತ್ತದೆ, ಈಗ ಇನ್ನೂ ಹೊರಗೆ.

"ಸಂದಿ ಪೂರ್ತಿ ಕಟ್ಟಿಕೊಂಡಿದೆ! ಏನೋ ಗಂಟುಗಳು, ಒಂದರ ಮೇಲೊಂದು!"

ಅವನು ಒಂದನ್ನು ಹೇಗೋ ಎಳೆದು ತಂದು ದಂಡೆಯ ಮೇಲಿಟ್ಟ. ಮುತ್ತುಗದ ಎಲೆ. ಬಳ್ಳಿ. ಹೂಗಂಟು.

ಎಲ್ಲರೂ ಗಂಟನ್ನು ನೋಡಿದರು. ಆಮೇಲೆ ಎಲ್ಲರೂ ಸಿಂಗಾರಮ್ಮನನ್ನು ನೋಡಿದರು.

"ನನ್ನನ್ನು ಯಾಕೆ ನೋಡುತ್ತೀರಿ? ಗುಡ್ಡದ ಕಡೆಯಿಂದ ತೇಲಿ ಬಂದಿರಬೇಕು. ಅಲ್ಲಿನವರಿಗೆ ಸ್ವಲ್ಪವೂ ಶಿಸ್ತಿಲ್ಲ."

"ಸಿಂಗಾರಮ್ಮ, ನನ್ನ ಮಗಳ ಹೆಸರಿಡುವ ದಿನ ನೀವು ನೆಲಗಡಲೆ ಕಟ್ಟಿಕೊಟ್ಟಿರಲ್ಲ, ಅದಕ್ಕೂ ಇದೇ ಗಂಟು. ಬಿಚ್ಚುವುದಕ್ಕೆ ನಮಗೆ ಅರ್ಧ ದಿನ ಹಿಡಿಯಿತು" ಎಂದ ಮಾದಪ್ಪ.

"ನನ್ನ ಗಂಟು ನೋಡಿ ಯಾರೋ ಕಲಿತಿರಬಹುದು. ಒಳ್ಳೆಯದನ್ನು ನಾಲ್ಕು ಜನ ಅನುಸರಿಸುವುದಿಲ್ಲವೇ?"

ಅಷ್ಟರಲ್ಲಿ ಅವಳ ಕಾಲಿಗೆ ತಣ್ಣಗಾಯಿತು. ನೀರು ದಂಡೆ ಹತ್ತಿ ನೇರ ಅವಳ ಬಾಗಿಲೊಳಗೆ ನುಗ್ಗುತ್ತಿತ್ತು. ನಡುಮನೆ ತುಂಬಿತು, ಉಗ್ರಾಣ ತುಂಬಿತು. ಬೋರಯ್ಯ ಒಂದು ಸೋರೆಕಾಯಿಯ ಮೇಲೆ ಕೂತು ತೇಲುತ್ತಾ ಹೊರಗೆ ಬಂದ. ಅವನ ಹಿಂದೆಯೇ ಇನ್ನೊಂದು ಗಂಟು ತೇಲಿ ಬಂತು.

"ಲೇ, ಇದು ಬಾಗಿಲ ಹತ್ತಿರ ಸಿಕ್ಕಿತು. ಇದನ್ನು ನೀರಿಗೆ ಹಾಕುವುದು ಮರೆತೆಯೇನೇ?" ಎಂದು ಅವನು ಗಟ್ಟಿಯಾಗಿ ಕೇಳಿದ.

ಗಂಡನನ್ನು ಸೋರೆಕಾಯಿ ಸಮೇತ ಮುಳುಗಿಸಿಬಿಡಬೇಕು ಎನ್ನಿಸಿತು ಸಿಂಗಾರಮ್ಮನಿಗೆ. ಆದರೆ ಅವಳ ಕಣ್ಣು ನಿಂಗಮ್ಮನ ಕಡೆ ಹೋಯಿತು. ನಿಂಗಮ್ಮ ಬೈಯಲಿಲ್ಲ. ರೆಕ್ಕೆ ಬಿಚ್ಚಿ ಮೊಟ್ಟೆಗಳನ್ನು ಅಪ್ಪಿಕೊಂಡು ಕೂತು ಸುಮ್ಮನೆ ನೋಡಿದಳು, ಅಷ್ಟೇ. ಅವಳ ಕೆಳಗೆ ಈರಜ್ಜನ ಮೂಗಿನವರೆಗೂ ನೀರು ಬಂದಿತ್ತು.

'ಕೊಳಕು ಅಂತ ಯಾರೂ ಅನ್ನಬಾರದು ಎಂದುಕೊಂಡು ನಾನು ಮಾಡಿದ್ದು ಇದೇನಾ?'

"ನನ್ನವೇ" ಎಂದಳು. ದನಿ ಸಣ್ಣದಾಗಿತ್ತು. "ಎಲ್ಲವೂ ನನ್ನವೇ."

"ಯಾರದ್ದಾದರೇನು, ಈಗ ಬಿಚ್ಚುವುದು ಹೇಗೆ?" ಎಂದ ಮಾದಪ್ಪ. "ಬಳ್ಳಿ ನೆನೆದು ಒಂದಕ್ಕೊಂದು ಸಿಕ್ಕಿಕೊಂಡಿವೆ. ನನ್ನ ಹಲ್ಲು ಗಟ್ಟಿಯಿಲ್ಲ."

ಹೆಗ್ಗಣಕ್ಕೆ ಹಲ್ಲಿದೆ. ಅದೂ ಎಂಥ ಹಲ್ಲು!

ಒಣಗಿದ ಎಲೆಯನ್ನು ಮುಟ್ಟಿದರೂ ಕೈ ತೊಳೆಯುತ್ತಿದ್ದ ಸಿಂಗಾರಮ್ಮ ಕಣ್ಣು ಮುಚ್ಚಿ ಸಂದಿಯೊಳಗೆ ಧುಮುಕಿದಳು. ಕೊಳೆತ ಗೆಣಸು ಮೂಗಿಗೆ ಮೆತ್ತಿತು, ಲೋಳೆ ಕಿವಿಗೆ ಹೋಯಿತು. ವಾಕರಿಕೆ ಬಂತು. ಆದರೂ ಬಿಡದೆ ಬಳ್ಳಿ ಕಡಿದಳು. ಕಟ್ ಕಟ್ ಕಟ್. ಒಂದು ಗಂಟು ಸಡಿಲವಾದರೆ ಮಾದಪ್ಪ ಎಳೆದು ದಂಡೆಗೆ ಹಾಕುತ್ತಿದ್ದ. 'ಇಷ್ಟು ಗಟ್ಟಿಯಾಗಿ ಯಾಕಾದರೂ ಕಟ್ಟಿದೆನೋ!' ಎಂದು ಅವಳು ತನ್ನನ್ನೇ ಬೈದುಕೊಂಡಳು.

ಸರಿಯಾಗಿ ಆಗಲೇ ಗುಡ್ಡದ ದಾರಿಯಲ್ಲಿ ನಾದಿನಿ ಚೆನ್ನಿ ಬಂದಳು. ಅವಳಿಗೆ ಕಂಡದ್ದು ನೀರಿನ ಮೇಲೆ ಅಲ್ಲಾಡುವ ಒಂದು ಬಾಲ, ಅದರ ಮೇಲೆ ಕೂತ ಒಂದು ಸೋರೆಕಾಯಿ ಸಿಪ್ಪೆ.

"ಅತ್ತಿಗೆ? ಅತ್ತಿಗೆಯ ಬಾಲವೇ ಅಲ್ಲವೇ ಅದು?"

ಸಿಂಗಾರಮ್ಮ ತಲೆ ಎತ್ತಿದಳು. ಮುಖದ ತುಂಬ ಕೆಸರು, ತಲೆಯ ಮೇಲೆ ಕೊಳೆತ ಎಲೆ. ನಾದಿನಿಯ ಮೂಗು ಅರಳಿತು. ಸುಂಯ್ ಸುಂಯ್.

"ಮೂಸು ತಾಯಿ, ಚೆನ್ನಾಗಿ ಮೂಸು!" ಎಂದಳು ಸಿಂಗಾರಮ್ಮ ಅಳುವ ದನಿಯಲ್ಲಿ. "ಇವತ್ತು ನಿಜವಾಗಿಯೂ ನಾರುತ್ತಿದ್ದೇನೆ."

"ಆಕ್ಷೀ!" ಚೆನ್ನಿ ಸೀನಿದಳು. "ಮೂಸುವುದೇ? ನಾನೆಲ್ಲಿ ಮೂಸಿದೆ ಅತ್ತಿಗೆ? ನಿಮ್ಮ ಕೊಳದ ಹೂವಿನ ಪುಡಿ ನನಗೆ ಆಗುವುದಿಲ್ಲ, ಮೂಗು ಕಟ್ಟುತ್ತದೆ. ಇಲ್ಲಿಗೆ ಬಂದರೆ ನನಗೆ ಯಾವ ವಾಸನೆಯೂ ಸರಿಯಾಗಿ ಗೊತ್ತಾಗುವುದಿಲ್ಲ."

ಸಿಂಗಾರಮ್ಮ ಬಾಯಿ ತೆರೆದಳು. ಒಂದು ಗುಟುಕು ಕೆಸರುನೀರು ಒಳಗೆ ಹೋಯಿತು. ಹಾಗಾದರೆ ಆ ನಲವತ್ತು ಗಂಟು ಕಟ್ಟಿದ್ದು ಯಾರಿಗಾಗಿ!

"ಸರಿಯಿರಿ, ನಾನೂ ಬಂದೆ" ಎಂದು ಚೆನ್ನಿ ಗಂಟುಗಳ ನಡುವೆ ಹಾರಿಯೇಬಿಟ್ಟಳು. ಇಬ್ಬರೂ ಅಕ್ಕಪಕ್ಕ ನಿಂತು ಕಡಿದರು. ಕೊನೆಗೆ ದೊಡ್ಡದೊಂದು ಗಂಟು ಸಡಿಲವಾಯಿತು, ನೀರು ಗಳಗಳನೆ ಸಂದಿಯಿಂದ ನುಗ್ಗಿತು. ಜೊಂಡಿನ ನಡುವೆ ಈರಜ್ಜನ ಮೂಗು ಕಂಡಿತು, ಆಮೇಲೆ ಬಾಯಿ ಕಂಡಿತು, ಬಾಯಿ ಕಂಡ ಕೂಡಲೇ ಮಾತೂ ಬಂತು.

"ಮೊಟ್ಟೆಗಳು ನೆನೆಯದೆ ಇವೆಯೇ ನಿಂಗಮ್ಮ?"

"ಇವೆ ಅಜ್ಜ, ನಾಲ್ಕೂ ಇವೆ."

ಸಿಂಗಾರಮ್ಮ ಕೆಸರಿನಲ್ಲೇ ಕುಸಿದು ಕೂತು ಅತ್ತಳು. ಆಮೇಲೆ ನಿಂಗಮ್ಮನ ಹತ್ತಿರ ಹೋಗಿ, "ತಪ್ಪಾಯಿತಮ್ಮ" ಎಂದಳು. ನಿಂಗಮ್ಮ ಮೊಟ್ಟೆಗಳನ್ನು ಇನ್ನೊಮ್ಮೆ ಕೊಕ್ಕಿನಿಂದ ಮುಟ್ಟಿ ನೋಡಿ, "ಗೂಡಿನ ಅಡಿ ಒದ್ದೆಯಾಗಿದೆ. ಮೆತ್ತನೆಯ ನಾರು ಇದ್ದರೆ ಕೊಡಿ" ಎಂದಳು.

ನಾರು ಎಲ್ಲಿತ್ತು? ಆ ಗಂಟುಗಳೊಳಗೆ! ದಂಡೆಯ ಮೇಲೆ ಕೂತು, ಎಲ್ಲರ ಕಣ್ಣೆದುರು, ಸಿಂಗಾರಮ್ಮ ಗಂಟು ಬಿಚ್ಚಿ ಕಸ ಆರಿಸಿದಳು. ಮಾನ ಹೋಗುವ ಕೆಲಸವೇ ಸರಿ.

"ಇದೇನು, ಹಲ್ಲೇ ತಾಗಿಸದ ಸೋರೆಕಾಯಿ!" ಎಂದ ಮಾದಪ್ಪ. "ಇದೂ ಒಂದು. ಇದೂ ಒಂದು. ಇಷ್ಟೊಂದು ಯಾಕೆ ತಂದಿರಿ?"

"ಚೆನ್ನಿಗೆ ತೋರಿಸೋಣ ಅಂತ" ಎಂದಳು ಸಿಂಗಾರಮ್ಮ ತಲೆ ತಗ್ಗಿಸಿ.

"ನನಗೆ ಸೋರೆಕಾಯಿ ಸೇರುವುದೇ ಇಲ್ಲ ಅತ್ತಿಗೆ" ಎಂದಳು ಚೆನ್ನಿ.

ನಾರನ್ನು ತೊಳೆದು ಬಿಸಿಲಿಗೆ ಹರಡಿ, ಒಣಗಿದಂತೆಲ್ಲ ನಿಂಗಮ್ಮನ ಗೂಡಿಗೆ ಒಯ್ದರು. ಕೊಳೆತದ್ದೆಲ್ಲ ಗುಂಡಿಗೆ ಹೋಯಿತು. ಎರೆಹುಳುಗಳಿಗೆ ಹಬ್ಬವೋ ಹಬ್ಬ. ಸಂಜೆ ಮನೆಗೆ ಬಂದರೆ ನಡುಮನೆಯಲ್ಲಿ ಮೊಣಕಾಲುದ್ದ ಕೆಸರು. ಚೆನ್ನಿ ಅದರ ಮೇಲೇ ಕೂತು, ಕಾಲು ಚಾಚಿ, ನಿಟ್ಟುಸಿರುಬಿಟ್ಟಳು.

"ಸತ್ಯ ಹೇಳಲೇ ಅತ್ತಿಗೆ? ನಿಮ್ಮ ಮನೆಯಲ್ಲಿ ಹೆದರದೆ ಕೂತದ್ದು ಇವತ್ತೇ ಮೊದಲು."

ಬೋರಯ್ಯನೂ ಕಾಲು ತೊಳೆಯದೆ ಒಳಗೆ ಬಂದು ಕೂತ. ಸಿಂಗಾರಮ್ಮ ಸರಿದು ಅವನಿಗೂ ಜಾಗ ಮಾಡಿಕೊಟ್ಟಳು.

ಮೂರನೆಯ ದಿನ ನಿಂಗಮ್ಮನ ನಾಲ್ಕು ಮರಿಗಳೂ ಮೊಟ್ಟೆಯೊಡೆದು ಬಂದವು. ಸಿಂಗಾರಮ್ಮ ಆಮೇಲೆ ನೀರಿಗೆ ಒಂದು ಸಿಪ್ಪೆಯನ್ನೂ ಹಾಕಲಿಲ್ಲ, ಬೇಕಾದ್ದಕ್ಕಿಂತ ಒಂದು ಗೆಣಸನ್ನೂ ಹೆಚ್ಚಿಗೆ ತರಲಿಲ್ಲ. ಅಷ್ಟೇ ಆಗಿದ್ದರೆ ಕೊಳದವರು ನೆಮ್ಮದಿಯಾಗಿರುತ್ತಿದ್ದರು. ಆದರೆ ಹಟದ ಹೆಂಗಸಲ್ಲವೇ? ಈಗ ದಿನಾ ಬೆಳಿಗ್ಗೆ ಮನೆಮನೆಗೂ ಹೋಗಿ ಎಲ್ಲರ ಕಸವನ್ನೂ ಕೆದಕಿ ನೋಡತೊಡಗಿದಳು.

"ಮಾದಪ್ಪ, ಈ ಗರಿ ಸಿಪ್ಪೆಗಳ ಜೊತೆ ಯಾಕಿದೆ? ಬಂಡೆಯ ಮೇಲಿಡಿ!"

"ಇಡುತ್ತೇನಮ್ಮ, ಇಡುತ್ತೇನೆ" ಎಂದು ಮಾದಪ್ಪ ಗರಿ ಹಿಡಿದು ಓಡುತ್ತಿದ್ದ. ಆಮೇಲೆ ಈರಜ್ಜನ ಹತ್ತಿರ ಬಂದು ದೂರುತ್ತಿದ್ದ: "ಅಜ್ಜ, ಅವಳ ಕಾಟ ತಡೆಯಲಾಗುತ್ತಿಲ್ಲ!"

ಈರಜ್ಜ ಬಿಸಿಲಿಗೆ ಕುತ್ತಿಗೆ ಚಾಚಿ ನಕ್ಕ.

"ಮೊದಲು ಅವಳ ಕಸಕ್ಕೆ ಹೆದರಬೇಕಾಗಿತ್ತು. ಈಗ ಅವಳಿಗೆ ಹೆದರಿದರೆ ಸಾಕು. ಇದೇ ವಾಸಿ ಕಣಪ್ಪ. ಅಗೋ, ಈ ಕಡೆಗೇ ಬರುತ್ತಿದ್ದಾಳೆ, ನಿನ್ನ ಕೈಯಲ್ಲಿರುವ ಸಿಪ್ಪೆಯನ್ನು ಬೇಗ ಗುಂಡಿಗೆ ಹಾಕು!"

ನೀತಿ: ನಮ್ಮ ಮನೆಯಿಂದಾಚೆ ಎಸೆದ ಕಸ ಇನ್ನೊಬ್ಬರ ಮನೆಬಾಗಿಲಿಗೆ ಹೋಗುತ್ತದೆ, ಬೇಕಾದಷ್ಟೇ ತಂದು, ಉಳಿದದ್ದನ್ನು ಬೇರೆ ಮಾಡಿ ಉಪಯೋಗಕ್ಕೆ ಕೊಡುವುದೇ ನಿಜವಾದ ಶುಚಿ.