ಪೇಟದ ಮೇಲೆ ಇಳಿದ ಹೆಜ್ಜೇನು

"ಗುರುಗಳೇ, ವಾರವಿಡೀ ಅಕ್ಷರ, ಲೆಕ್ಕ, ಪರಿಸರ, ಹಾಡು ಎಲ್ಲ ಕಲಿಸುತ್ತೇನೆ. ಶನಿವಾರ ಕೇಳಿದರೆ ಒಂದು ಮಗು ಬಾಯಿಯೇ ಬಿಡುವುದಿಲ್ಲ. ಅದನ್ನು ಎರಡನೆಯ ತರಗತಿಯಲ್ಲೇ ಉಳಿಸಿಬಿಡಲೇ?" ಎಂದು ಶಿಷ್ಯನು ಕೇಳಿದನು. ಅವನು ಮೇಷ್ಟ್ರಾಗಿ ಅದು ಮೊದಲ ವರ್ಷ. ಅಂಕಪುಸ್ತಕ ತೊಡೆಯ ಮೇಲೆ ತೆರೆದಿತ್ತು. ಪೆನ್ನಿನ ಮುಚ್ಚಳವನ್ನೂ ತೆಗೆದಾಗಿತ್ತು.

ಗುರುಗಳು ತಲೆಯ ಪೇಟವನ್ನು ಸರಿಮಾಡಿಕೊಂಡರು. "ಬರೆಯುವ ಮೊದಲು ಒಂದು ಕತೆ ಕೇಳು. ನನ್ನ ಕತೆಯಲ್ಲಿ ಸುಳ್ಳು ಇರುವುದಿಲ್ಲ. ಇದ್ದರೂ ಅದು ಊರಿನವರ ನಿಜಕ್ಕಿಂತ ಗಟ್ಟಿಯಾಗಿರುತ್ತದೆ."

ಒಬ್ಬ ಮೇಷ್ಟ್ರು ಇದ್ದ. ಅವನಂಥವನು ಸುತ್ತ ಏಳು ಹೋಬಳಿಯಲ್ಲಿ ಇರಲಿಲ್ಲ. ಅವನು ಮಗ್ಗಿ ಹೇಳಿಕೊಟ್ಟರೆ ಕಿಟಕಿಯ ಮೇಲಿನ ಕಾಗೆಯೂ ತಪ್ಪಿಲ್ಲದೆ ಒಪ್ಪಿಸುತ್ತಿತ್ತು. ಒಬ್ಬ ಹುಡುಗಿ ಮಾತ್ರ ಒಪ್ಪಿಸುತ್ತಿರಲಿಲ್ಲ.

ಮೇಷ್ಟ್ರು ಅವಳ ತಂದೆಯನ್ನು ಕರೆಸಿದ. "ಈ ಶನಿವಾರವೂ ಸುಮ್ಮನಿದ್ದರೆ ಇನ್ನೊಂದು ವರ್ಷ ಇಲ್ಲೇ," ಎಂದ.

"ಇಲ್ಲೇ ಕೂರುವುದಾದರೆ ಮನೆಯಲ್ಲೇ ಕೂರಲಿ ಬಿಡಿ ಸಾರ್. ತಮ್ಮನನ್ನಾದರೂ ಎತ್ತಿಕೊಂಡಿರುತ್ತಾಳೆ," ಎಂದ ತಂದೆ.

ಶನಿವಾರ ಬಂತು. ಮೇಷ್ಟ್ರು ಕುರ್ಚಿಯಲ್ಲಿ ಕುಳಿತು ಅವಳ ಹೆಸರು ಕರೆದ. ಅವಳು ಎದ್ದು ನಿಂತಳು. ಅಷ್ಟರಲ್ಲಿ ಹೆಜ್ಜೇನಿನ ಹಿಂಡೊಂದು ಕಿಟಕಿಯಿಂದ ಬಂದು ಮೇಷ್ಟ್ರ ಪೇಟದ ಮೇಲೆ ಇಳಿಯಿತು.

ಶಿಷ್ಯನು ನಕ್ಕನು.

"ನಗಬೇಡ," ಎಂದರು ಗುರುಗಳು. "ಮೂವತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಹುಳ. ಇನ್ನೊಂದು ಮೂಗಿನ ಮೇಲಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯಲು ಹೋದರೆ ಕಣ್ಣು ಅಲುಗುತ್ತಿತ್ತು."

ಮೇಷ್ಟ್ರು ಉಸಿರು ಬಿಗಿಹಿಡಿದ. ಒಳಗೆ ಇಪ್ಪತ್ತಾರು ಮಕ್ಕಳು. ಒಂದು ಮಗು ಕಿರುಚಿದರೆ ಸಾಕು, ಹಿಂಡು ಏಳುತ್ತಿತ್ತು. ಮುಂದಿನ ಸಾಲಿನಲ್ಲಿ ಒಬ್ಬನ ತುಟಿ ಆಗಲೇ ನಡುಗುತ್ತಿತ್ತು.

ಎದ್ದು ನಿಂತಿದ್ದವಳು ಆ ಹುಡುಗಿಯೊಬ್ಬಳೇ. ಅವಳು ಸ್ಲೇಟಿನ ಮೇಲೆ 'ಓಡಬೇಡಿ' ಎಂದು ಬರೆದು ಎತ್ತಿ ಹಿಡಿದಳು. ಮಕ್ಕಳು ಓದಿದರು. ತುಟಿ ನಡುಗುತ್ತಿದ್ದವನನ್ನು ಕೈಹಿಡಿದು ಮೊದಲು ಹೊರಗೆ ಬಿಟ್ಟಳು. ಆಮೇಲೆ ಇಬ್ಬಿಬ್ಬರನ್ನೇ ಸನ್ನೆ ಮಾಡಿ ಕಳಿಸಿದಳು. ಒಂದು ಜೋಡಿಗೆ ಒಂದು ಬೆರಳು ಮಡಚಿದಳು. ಹತ್ತು ಬೆರಳು ಮುಗಿದು ಮತ್ತೆರಡು, ಒಟ್ಟು ಹನ್ನೆರಡು ಜೋಡಿ ಆಯಿತು. ತಾನು ಹೋಗಲಿಲ್ಲ.

ಹುಳ ಬೆಳಕಿನ ಕಡೆಗೆ ಹಾರುತ್ತದೆ ಎಂದು ಬುಧವಾರ ಮೇಷ್ಟ್ರು ಹೇಳಿದ್ದ. ಹೇಳಿದ್ದು ಅವನಿಗೇ ಮರೆತಿತ್ತು. ಹುಡುಗಿ ಸದ್ದಾಗದಂತೆ ಬಾಗಿಲು ಮುಚ್ಚಿದಳು. ಒಂದು ಕಿಟಕಿ ಬಿಟ್ಟು ಉಳಿದವನ್ನೂ ಮುಚ್ಚಿದಳು. ಮೂಲೆಯಲ್ಲಿ ಕುಳಿತಳು.

ಒಂದು ಹುಳ ಎದ್ದಿತು. ಬಹಳ ಹೊತ್ತು ಬೇರೆ ಯಾವುದೂ ಏಳಲಿಲ್ಲ. ಮೇಷ್ಟ್ರ ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯಿತು. ಅವನು ರೆಪ್ಪೆ ಹೊಡೆಯಲಿಲ್ಲ. ಕೊನೆಗೆ ಇಡೀ ಹಿಂಡು ಒಮ್ಮೆಲೇ ಎದ್ದು ಆ ಕಿಟಕಿಯಿಂದ ಹೊರಗೆ ಹೋಯಿತು.

ಮೇಷ್ಟ್ರು ಮುಖ ಒರೆಸಿಕೊಂಡ. ಮಕ್ಕಳನ್ನು ಒಳಗೆ ಕರೆದ. ಪುಸ್ತಕ ತೆರೆದ.

"ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ನೀನು. ಬುಧವಾರ ಏನು ಪಾಠ ಮಾಡಿದೆ, ಹೇಳು."

ಹುಡುಗಿ ಸುಮ್ಮನೆ ನಿಂತಳು.

ಮೇಷ್ಟ್ರು ಸೊನ್ನೆ ಬರೆದ. ಸೋಮವಾರ ಅವಳು ಶಾಲೆಗೆ ಬರಲಿಲ್ಲ. ಆಮೇಲೂ ಬರಲಿಲ್ಲ.

ಶಿಷ್ಯನು ತಲೆಯಾಡಿಸಿದನು. "ಅಂಥ ಮಡ್ಡ ಮೇಷ್ಟ್ರು ಎಲ್ಲಾದರೂ ಇರುತ್ತಾನೆಯೇ ಗುರುಗಳೇ? ಇದೂ ನಿಮ್ಮ ಕಾಗೆಯ ಮಗ್ಗಿಯಂಥದ್ದೇ."

ಗುರುಗಳು ಪೇಟವನ್ನು ತೆಗೆದು ಅವನ ಮುಂದಿಟ್ಟರು.

"ಆ ಪೇಟ ಇದೇ ಮಗನೇ, ಪುಸ್ತಕ ಮಾತ್ರ ಈಗ ನಿನ್ನ ತೊಡೆಯ ಮೇಲಿದೆ."

ಶಿಷ್ಯನು ಪೆನ್ನಿಗೆ ಮುಚ್ಚಳ ಹಾಕಿದನು.